ಅಗಲ ಮಾಡಿದ ಬಾಗಿಲು

ಪರದೆಯ ಮೇಲೆ ಯಾವುದೋ ಊರಿನ ಹುಡುಗರು ತಮ್ಮ ತಂಡ ಆಯ್ಕೆಯಾಯಿತೆಂದು ಕುಣಿಯುತ್ತಿದ್ದಾರೆ, ಕುರ್ಚಿಗಳು ಮಗುಚಿಬೀಳುತ್ತಿವೆ, ಒಬ್ಬನ ಬಾಯಿ ತೆರೆದೇ ಇದೆ, ಕೂಗು ಮಾತ್ರ ತಡವಾಗಿ ಕೇಳುತ್ತಿದೆ — ಈ ಜಿಮ್ನೇಷಿಯಮ್ಮಿನ ಸ್ಪೀಕರೇ ಹಾಗೆ, ಎಲ್ಡನ್ ಇಲ್ಲಿಗೆ ಆಡಲು ಬಂದಾಗಿನಿಂದಲೂ ಹಾಗೇ — ಹಿಂದಿನ ಸಾಲಿನಲ್ಲಿ ಅಪ್ಪ ರಾಯ್ಸ್, ಮಂಡಿಯ ಮೇಲೆ ಕಾಗದದ ತಟ್ಟೆ, ಹೊಗೆಯಲ್ಲಿ ಬೆಂದ ಹಂದಿಮಾಂಸದ ವಾಸನೆ, ಪಕ್ಕದಲ್ಲಿ ಸ್ಥಳೀಯ ಟಿವಿಯ ಹುಡುಗಿ ಕ್ಯಾಮೆರಾ ಹಿಡಿದು ಇವರು ಯಾವಾಗ ಕುಣಿಯುತ್ತಾರೋ ಎಂದು ಕಾಯುತ್ತಿದ್ದಾಳೆ, ಕುಣಿಯಬೇಕಾದರೆ ಕಾರ್ಡ್ವೆಲ್ ಕಾಲೇಜು ಎಂಬ ಹೆಸರು ಅಲ್ಲಿ ಮೂಡಬೇಕು, ಮೂಡುತ್ತದೆ, ಯಾಕೆ ಮೂಡಬಾರದು, ಮಾರ್ಚ್ ತಿಂಗಳ ದೊಡ್ಡ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗೆ ಈ ವರ್ಷ ಇನ್ನಷ್ಟು ತಂಡಗಳನ್ನು ಸೇರಿಸಿಕೊಳ್ಳುತ್ತಾರಲ್ಲ, ಬಾಗಿಲು ಅಗಲ ಮಾಡಿದಾರೆ ಕಣ್ರೋ, ಇನ್ನು ನಮ್ಮಂಥ ಬಡಕಲುಗಳೂ ನುಗ್ಗಬಹುದು ಎಂದು ಕೋಚ್ ಹಾಸ್ಕಿನ್ಸ್ ಶರತ್ಕಾಲದಲ್ಲೇ ನಕ್ಕಿದ್ದರು, ತಮ್ಮ ಪುಟ್ಟ ಲೀಗಿನಲ್ಲಿ ಇಡೀ ಋತು ತಾವೇ ಮೊದಲು, ಆದರೆ ಫೈನಲ್ ಒಂದೇ ಒಂದು ಅಂಕದಿಂದ ಕೈತಪ್ಪಿತು, ಗೆದ್ದವರಿಗೆ ನೇರ ಪ್ರವೇಶ, ಸೋತವರು ಆಯ್ಕೆ ಸಮಿತಿಯ ಕರುಣೆಗೆ ಕಾಯಬೇಕು, ಆ ಕೊನೆಯ ಗಳಿಗೆಯಲ್ಲಿ ಎಲ್ಡನ್ ಮೂಲೆಯಲ್ಲಿ ಒಬ್ಬನೇ, ಸುತ್ತ ಯಾರೂ ಇಲ್ಲ, ಕೈ ಚಾಚಿ ನಿಂತಿದ್ದ, ಚೆಂಡು ಬರಲಿಲ್ಲ, ಹೊಸ ಹುಡುಗ ನೋಡಲೇ ಇಲ್ಲ, ಹಳೆಯ ಜೊತೆಗಾರ ಮಾರ್ಕೆಲ್ ಇದ್ದಿದ್ದರೆ ನೋಡಬೇಕಾಗಿಯೂ ಇರಲಿಲ್ಲ, ಬೆನ್ನು ತಿರುಗಿಸಿಕೊಂಡೇ ಎಸೆಯುತ್ತಿದ್ದ, ಎಲ್ಡನ್‌ಗೆ ಅವನಿಟ್ಟ ಹೆಸರು ಕೊಕ್ಕರೆ — ಕೊಕ್ಕರೆ, ನೀನು ಎಲ್ಲಿ ನಿಂತಿರ್ತೀಯ ಅಂತ ನಂಗೆ ನಿದ್ದೇಲೂ ಗೊತ್ತು ಕಣೋ.

ಮಾರ್ಕೆಲ್ ಹೋದದ್ದು ಹೋದ ವಸಂತದಲ್ಲಿ, ದೊಡ್ಡ ವಿಶ್ವವಿದ್ಯಾಲಯದವರು ಕರೆದರು, ಹೋದ, ಈಗಿನ ನಿಯಮದಲ್ಲಿ ತಡೆಯುವವರು ಯಾರೂ ಇಲ್ಲ, ಹೋದ ದಿನವೇ ಆಡಬಹುದು — ಹೋಗುವ ಮುನ್ನ ಇವರ ಮನೆಯ ಅಡುಗೆಮನೆಯಲ್ಲೇ ಕೂತು ಅಪ್ಪನನ್ನು ಕೇಳಿದ್ದ, ನೀವೇ ಹೇಳಿ ರಾಯ್ಸ್ ಅಂಕಲ್, ನಮ್ಮಮ್ಮ ಇನ್ನೂ ಆ ಆಸ್ಪತ್ರೆ ನೆಲ ಒರೆಸ್ತಿದಾಳೆ, ನಾನು ಹೋದ್ರೆ ತಪ್ಪಾ, ಅಪ್ಪ ಕಾಫಿ ಲೋಟ ಕೆಳಗಿಟ್ಟು, ಹೋಗಪ್ಪ, ಹಿಂದೆ ತಿರುಗಿ ನೋಡ್ಬೇಡ ಎಂದುಬಿಟ್ಟ, ಎಲ್ಡನ್‌ಗೆ ಮೈಯೆಲ್ಲ ಉರಿದು ಹೋಗಿತ್ತು, ಅವನು ಹೋದ ಮೇಲೆ ಕೇಳಿಯೇ ಕೇಳಿದ, ನೀನು ನನ್ನ ಅಪ್ಪನೋ ಅವನ ಅಪ್ಪನೋ, ಅಪ್ಪ ಸಿಂಕಿನ ಕಡೆ ತಿರುಗಿ ಹೇಳಿದ್ದ, ನಿಮ್ಮಜ್ಜಿ ಹಾಸಿಗೆ ಹಿಡಿದಾಗ ನಾನು ಆಡ್ತಿದ್ದ ಕಾಲೇಜು ಬಿಟ್ಟು ಮನೆ ಹತ್ತಿರದ ಕಾಲೇಜಿಗೆ ಬಂದೆ, ಬಂದ ತಪ್ಪಿಗೆ ಒಂದು ವರ್ಷ ಆಡೋ ಹಾಗಿಲ್ಲ ಅಂತ ಕೂರಿಸಿದ್ರು, ಅದೇ ವರ್ಷ ನನ್ನ ಹಳೇ ಕೋಚು ಜಾಸ್ತಿ ಸಂಬಳಕ್ಕೆ ಬೇರೆ ಕಡೆ ಹಾರಿದ, ಅವನನ್ನ ಒಂದು ದಿನಾನೂ ಯಾರೂ ಕೂರಿಸ್ಲಿಲ್ಲ, ನಾನು ಎದ್ದಾಗ ನನ್ನ ಜಾಗದಲ್ಲಿ ಬೇರೆಯವನಿದ್ದ, ಆಮೇಲೆ ನಾನು ಆಡಿದ್ದನ್ನ ನೀನೆಲ್ಲಿ ಕೇಳಿದೀಯ — ನಿಜ, ಕೇಳಿಲ್ಲ, ಅಂದಿನ ನಿಯಮ ಅಪ್ಪನನ್ನು ಕಟ್ಟಿಹಾಕಿತು, ಇಂದಿನದು ಮಾರ್ಕೆಲ್‌ನನ್ನು ಬಿಚ್ಚಿಬಿಟ್ಟಿತು, ನಡುವೆ ಉಳಿದವನು ತಾನು, ಉಳಿದದ್ದು ನಿಷ್ಠೆ ಎಂದು ಊರವರು ಬೆನ್ನು ತಟ್ಟುತ್ತಾರೆ, ಪೆಟ್ರೋಲ್ ಬಂಕಿನ ಮುದುಕ ಕಾಫಿ ಪುಕ್ಕಟೆ ಕೊಡುತ್ತಾನೆ, ಯಾರೂ ಕರೆಯಲಿಲ್ಲ ಎಂಬುದು ಎಲ್ಡನ್‌ಗೆ ಮಾತ್ರ ಗೊತ್ತು, ಕರೆದಿದ್ದರೆ ತಾನೂ, ಬಹುಶಃ ತಾನೂ — ಶ್, ಕೊನೆಯ ಹೆಸರುಗಳು ಕಣೋ, ಎಂದು ಯಾರೋ ಮೊಣಕೈಯಿಂದ ತಿವಿಯುತ್ತಾರೆ, ಹೊಸದಾಗಿ ಸೇರಿಸಿದ ಜಾಗಗಳು ಒಂದೊಂದಾಗಿ ತುಂಬುತ್ತಿವೆ, ಎಲ್ಲ ದೊಡ್ಡ ಲೀಗಿನವರೇ, ಆಡಿದ್ದರಲ್ಲಿ ಅರ್ಧ ಸೋತವರು, ಬಾಗಿಲು ಅಗಲವಾದದ್ದು ದಪ್ಪ ಮೈಯವರಿಗೆ, ಉಳಿದದ್ದು ಒಂದೇ ಜಾಗ, ಅದೂ ಮಾರ್ಕೆಲ್‌ನ ತಂಡಕ್ಕೆ.

ಕೋಚ್ ಹಾಸ್ಕಿನ್ಸ್ ಎದ್ದು ನಿಂತಿದ್ದಾರೆ, ಟಿವಿಯ ಹುಡುಗಿ ಕ್ಯಾಮೆರಾ ಮೆಲ್ಲಗೆ ಕೆಳಗಿಳಿಸುತ್ತಾಳೆ, ಒಳ್ಳೆಯವಳು, ಪರದೆಯಲ್ಲಿ ಆ ತಂಡದ ದೊಡ್ಡ ಸಭಾಂಗಣ, ಎಲ್ಲರೂ ಒಂದೇ ಬಗೆಯ ಅಂಗಿ, ಒಂದೇ ಬಗೆಯ ಕಪ್ಪು ಚಪ್ಪಲಿ, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದಾರೆ, ಸಾಲಿನ ತುದಿಯಲ್ಲಿ ಒಬ್ಬ ಮಾತ್ರ ಕೂತಿದ್ದಾನೆ, ಬಗ್ಗಿ, ತಲೆ ಮಂಡಿಗಳ ನಡುವೆ, ಕೈಗಳು ಪಾದದ ಹತ್ತಿರ ಏನೋ ಮಾಡುತ್ತಿವೆ — ಅವನ ಕುತ್ತಿಗೆ ಎಲ್ಡನ್‌ಗೆ ಗೊತ್ತಿಲ್ಲವೇ, ಈ ವರ್ಷವಿಡೀ ಅವನನ್ನು ಆಡಿಸಿದ್ದೇ ಅಪರೂಪ ಎಂದೂ ಗೊತ್ತು, ಎಲ್ಲ ಪಂದ್ಯ ನೋಡಿದ್ದಾನೆ, ಅವನಿಗೆ ಹೇಳಿಲ್ಲ — ಚಿತ್ರ ಬದಲಾಯಿತು, ಜಾಹೀರಾತು, ಅಪ್ಪನ ಕೈ ಹೆಗಲ ಮೇಲೆ, ಬಾ ಮಗ, ಮನೆಗೆ ಹೋಗೋಣ, ಎಲ್ಡನ್ ಆ ಕೈಯನ್ನು ಕೊಡವಲಿಲ್ಲ, ಅದರ ಮೇಲೆ ತನ್ನ ಕೈ ಇಟ್ಟ, ಆಗಲೇ ಜೇಬಿನಲ್ಲಿ ಫೋನು, ಮಾರ್ಕೆಲ್, ಎತ್ತಬಾರದು, ಎತ್ತಿದ, ಆ ಕಡೆ ಗದ್ದಲವೋ ಗದ್ದಲ, ಕೊಕ್ಕರೆ, ನಿಮ್ಮ ಹೆಸರೂ ಬರತ್ತೆ ಅಂತ ಕೊನೇ ತನಕ ಕಾಯ್ತಿದ್ದೆ ಕಣೋ, ಆಮೇಲೆ ನಮ್ದು ಬಂತು, ಹೂಂ, ಒಳ್ಳೇದಾಯ್ತು, ಚೆನ್ನಾಗಿ ಆಡು, ಎಂದ ಎಲ್ಡನ್, ಎಲ್ಲೋ ಆಡೋದು, ಕೂರೋದೇ ಆಗಿದೆ, ಹೂಂ, ನೀನು ನೋಡ್ತಿದ್ಯಾ ಈಗ, ನೋಡ್ದೆ, ನಾನು ಕಂಡ್ನಾ, ಕಂಡೆ, ಮಾರ್ಕೆಲ್ ದನಿ ತಗ್ಗಿಸಿದ, ಅದೂ — ಶೂ ಲೇಸ್ ಬಿಚ್ಚಿತ್ತು ಕಣೋ, ಕಟ್ಕೊಳ್ತಿದ್ದೆ, ಅದಕ್ಕೇ ಬಗ್ಗಿದ್ದು, ಹೂಂ, ಸರಿ ಬಿಡು, ಎಂದ ಎಲ್ಡನ್, ಜನ ಕುರ್ಚಿ ಮಡಚುತ್ತಿದ್ದಾರೆ, ಅಪ್ಪ ಕೋಟು ಹಿಡಿದು ನಿಂತಿದ್ದಾನೆ, ಆ ಬಗ್ಗಿದ ಕುತ್ತಿಗೆ, ಆ ಬೆರಳುಗಳು, ಇಲ್ಲದ ದಾರವನ್ನು ಎಳೆದು ಎಳೆದು ಕಟ್ಟುತ್ತಿವೆ, ಕಾಲಲ್ಲಿ ಕಪ್ಪು ಚಪ್ಪಲಿ, ಬರೀ ಚಪ್ಪಲಿ —