ಬೆಟಗೇರಿ ಬಚ್ಚಲಿನ ಗೀಸರ್

ನಾನೊಂದು ಗೀಸರ್. ದೊಡ್ಡ ಶಹರದ ಹೊರಗಿನ ಕಾರ್ಖಾನೆಯೊಂದರಲ್ಲಿ ಉಕ್ಕಿನ ತಗಡನ್ನು ಬಾಗಿಸಿ, ಬೆಸೆದು, ನನ್ನ ಹೊಟ್ಟೆ ಮಾಡಿದರು. ಒಳಗೆ ನೀರು ಕಾಯಿಸುವ ಸುರುಳಿ ಇಟ್ಟರು. ಅದರ ಪಕ್ಕದಲ್ಲೇ ತೆಳ್ಳನೆಯ ಕಡ್ಡಿಯಂಥ ಥರ್ಮೋಸ್ಟಾಟ್ ಇಟ್ಟರು. ನೀರು ಸಾಕಷ್ಟು ಕಾದಿದೆ ಎಂದು ತಿಳಿದು ಕರೆಂಟು ನಿಲ್ಲಿಸುವುದು ಅದರ ಕೆಲಸ. ಮೈಗೆ ಬಿಳಿ ಬಣ್ಣ ಬಳಿದು, ಮುಖಕ್ಕೊಂದು ಕೆಂಪು ದೀಪ ಕೂಡಿಸಿ, ರಟ್ಟಿನ ಡಬ್ಬಿಯಲ್ಲಿಟ್ಟು ಲಾರಿಗೆ ಏರಿಸಿದರು. ಲಾರಿಯ ತುಂಬ ನನ್ನಂಥವರೇ ಇದ್ದರು. ಆಮೇಲೆ ನನ್ನ ಜಾತಿಯವರ ಮುಖವನ್ನು ನಾನು ನೋಡಲೇ ಇಲ್ಲ. ಒಂದು ಬಚ್ಚಲಿಗೆ ಒಂದೇ ಗೀಸರ್.

ನನ್ನನ್ನು ಕೊಂಡವರು ಬೆಟಗೇರಿಯ ಚನ್ನಬಸವ್ವ. ಗಂಡ ತೀರಿಕೊಂಡ ಮೇಲೆ ಅವರು ಮನೆಯ ಮೇಲೊಂದು ಮಹಡಿ ಕಟ್ಟಿಸಿ ಬಾಡಿಗೆಗೆ ಕೊಡಲು ಹೊರಟಿದ್ದರು. "ನೌಕರಿ ಮಂದಿ ಬರೂದೈತಿ. ಬಿಸಿನೀರ ಇಲ್ಲಂದ್ರ ಮನಿ ಒಲ್ಲೆ ಅಂತಾರ್ರಿ" ಎಂದು ಅಂಗಡಿಯವನಿಗೆ ಹೇಳುತ್ತಿದ್ದುದು ಡಬ್ಬಿಯೊಳಗಿದ್ದ ನನಗೂ ಕೇಳಿಸಿತು.

ಮೊದಲು ಬಂದವರು ಗಂಡ, ಹೆಂಡತಿ ಮತ್ತು ಒಂದು ಕೂಸು. ಮಹಡಿಯ ಬಚ್ಚಲಿನ ಗೋಡೆಗೆ ನನ್ನನ್ನು ಎತ್ತರದಲ್ಲಿ ತೂಗುಹಾಕಿದ್ದರಿಂದ ನಾನು ಮನುಷ್ಯರನ್ನು ಕಂಡದ್ದೆಲ್ಲ ಮೇಲಿನಿಂದ, ನೆತ್ತಿಯ ಕಡೆಯಿಂದ. ಕೂಸಿನ ನೆತ್ತಿ ಮಿಡಿಯುವುದನ್ನೂ ಕಂಡೆ. ಆ ತಾಯಿ ಕೆಲವು ದಿನ ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀರಿನ ಸಪ್ಪಳದಲ್ಲಿ ಅಳುತ್ತಿದ್ದಳು. ಆಮೇಲೆ ಮುಖ ತೊಳೆದುಕೊಂಡು ಹೊರಗೆ ಹೋಗಿ ನಗುತ್ತಿದ್ದಳು. ಏನು ದುಃಖವೋ, ನನಗೆ ತಿಳಿಯಲಿಲ್ಲ. ವರ್ಗವಾಗಿ ಅವರು ಹೊರಟುಹೋದರು. ಬಹಳ ಕಾಲ ಆ ಬಚ್ಚಲಲ್ಲಿ ನಾನೂ ಒಂದು ಜೇಡವೂ ಇದ್ದೆವು.

ಆಮೇಲೆ ಬಂದವರು ಫಕೀರೇಶಪ್ಪ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ನಿಂತು ಬಸ್ಸುಗಳ ಹೆಸರು ಕೂಗುತ್ತಿದ್ದವರು, ಈಗ ನಿವೃತ್ತರು. ಹೆಂಡತಿ ಹಿಂದೆಯೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಊರಿಗೆಲ್ಲ ಅವರ ಧ್ವನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಮೈಗೆ ಸೋಪು ಹಚ್ಚಿಕೊಳ್ಳುತ್ತ ಕೂಗುತ್ತಿದ್ದರು: "ಪ್ರಯಾಣಿಕರ ಗಮನಕ್ಕೆ! ಲಕ್ಷ್ಮೇಶ್ವರ ಮಾರ್ಗವಾಗಿ ಶಿಗ್ಗಾವಿಗೆ ಹೋಗುವ ಬಸ್ಸು..." ಬಚ್ಚಲಿನ ಗೋಡೆಗಳು ಆ ಧ್ವನಿಯನ್ನು ದೊಡ್ಡದು ಮಾಡಿ ಅವರಿಗೇ ಮರಳಿ ಕೊಡುತ್ತಿದ್ದವು. ಹತ್ತುವವರು ಯಾರೂ ಇರಲಿಲ್ಲ. ಒಮ್ಮೊಮ್ಮೆ ನಡುವೆಯೇ ನಿಲ್ಲಿಸಿ ಸುಮ್ಮನೆ ನೀರು ಹೊಯ್ದುಕೊಳ್ಳುತ್ತಿದ್ದರು.

ಅವರಿಗೊಂದು ರೂಢಿ ಇತ್ತು. ಬಕೆಟ್ಟಿನಲ್ಲಿ ತಣ್ಣೀರು ಬೆರೆಸಿಕೊಳ್ಳುವ ಮೊದಲು ಬಿಸಿನೀರಿನ ನಲ್ಲಿಯ ಕೆಳಗೆ ಎರಡೂ ಕಾಲಿಟ್ಟು ನಿಲ್ಲುವುದು. "ಜೀವನಪೂರ್ತಿ ನಿಂತ ಕಾಲು" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುವರು.

ಬೆಟಗೇರಿಯ ಆ ಮನೆಯ ಕೊಳವೆಬಾವಿಯ ನೀರು ಬಲು ಸವಳು. ಪ್ರತಿಸಲ ಕಾದಾಗಲೂ ಒಂದಿಷ್ಟು ಉಪ್ಪು ನನ್ನ ಹೊಟ್ಟೆಯಲ್ಲಿ ಉಳಿಯುತ್ತಿತ್ತು. ನಾನು ಕಾಯಿಸುವ ನೀರು ದಿನದಿನಕ್ಕೆ ಹೆಚ್ಚು ಸುಡತೊಡಗಿತು. ನಲ್ಲಿ ತಿರುಗಿಸಿದರೆ ಬುಸ್ಸೆಂದು ಹಬೆ ಬರುತ್ತಿತ್ತು. ಫಕೀರೇಶಪ್ಪ ಕೈಯನ್ನು ಥಟ್ಟನೆ ಹಿಂದೆ ಎಳೆದುಕೊಂಡು, "ಏನ್ ಕುದಿನೀರಪಾ ಇದು!" ಎಂದು ತಣ್ಣೀರು ಹೆಚ್ಚು ಬೆರೆಸಿಕೊಳ್ಳುವರು. ಕಾಲುಗಳನ್ನು ಮಾತ್ರ ಎಂದಿನಂತೆ ಇಟ್ಟು ನಿಲ್ಲುವರು.

ಕೊನೆಗೆ ಚನ್ನಬಸವ್ವ ರಿಪೇರಿಯ ದಾವಲಸಾಬನನ್ನು ಕರೆಸಿದರು. ಅವನು ನನ್ನ ತಿರುಪನ್ನು ಕಡಿಮೆಗೆ ತಿರುಗಿಸಿ ಹೋದ. ನೀರು ಮೊದಲಿನಂತೆಯೇ ಸುಟ್ಟಿತು. ಮತ್ತೆ ಬಂದು ಹೊಸ ಥರ್ಮೋಸ್ಟಾಟ್ ಹಾಕಿದ. ಸ್ವಿಚ್ಚು ಒತ್ತಿ, ಸ್ಟೂಲಿನ ಮೇಲೆ ಕೂತು ಕಾದ. ಫಕೀರೇಶಪ್ಪನವರು ಬರಿಗಾಲಲ್ಲಿ ಪಕ್ಕಕ್ಕೆ ನಿಂತು ಹಳೆಯ ಕಂಡಕ್ಟರುಗಳ ಕತೆ ಹೇಳುತ್ತಿದ್ದರು. ಮಾತಾಡಲು ಒಬ್ಬ ಮನುಷ್ಯ ಸಿಕ್ಕಿದ್ದ, ಬಿಡಲು ಅವರಿಗೆ ಮನಸ್ಸಿರಲಿಲ್ಲ.

ನೀರು ಕುದಿದರೂ ಕರೆಂಟು ನಿಲ್ಲಲಿಲ್ಲ, ನನ್ನ ಕೆಂಪು ದೀಪ ಆರಲಿಲ್ಲ. "ಹೊಸಾದು ಹಾಕಿದ್ರೂ ನಿಲ್ಲವಲ್ದಲ್ಲ!" ಎನ್ನುತ್ತ ದಾವಲಸಾಬ ಸ್ವಿಚ್ಚು ಆರಿಸಿ, ನೀರು ಖಾಲಿ ಮಾಡಲು ನಲ್ಲಿ ಬಿಟ್ಟ. ಬಕೆಟ್ಟು ತುಂಬಿ ಕುದಿನೀರು ನೆಲದ ಮೇಲೆ ಹರಿಯಿತು. ಅವನು ಕಾಲೆತ್ತಿ ಸ್ಟೂಲಿನ ಮೇಲೆ ಹಾರಿ ನಿಂತ.

"ಸಾಹೇಬ್ರ, ಸರೀರಿ! ಕಾಲ ಸುಡತಾವ!"

"ಎಲ್ಲೈತೋ? ಏನೂ ಇಲ್ಲ" ಎಂದರು ಫಕೀರೇಶಪ್ಪ. ಹಬೆಯಾಡುವ ನೀರು ಅವರ ಪಾದಗಳನ್ನು ಸುತ್ತುವರಿದಿತ್ತು. ಅವರು ಕತೆಯನ್ನು ಮುಂದುವರಿಸಲು ಬಾಯಿ ತೆರೆದಿದ್ದರು.

ದಾವಲಸಾಬ ಅಲ್ಲಿಂದಲೇ ಬಾಗಿ ನಲ್ಲಿ ಬಂದ್ ಮಾಡಿದ. ಅವರ ರಟ್ಟೆ ಹಿಡಿದು ಹೊಸ್ತಿಲಿನ ಆಚೆ ದೂಡಿ, ತಾನೂ ಅತ್ತ ಜಿಗಿದ. ಅವರನ್ನು ಕೂರಿಸಿ ಪಾದ ಎತ್ತಿ ನೋಡಿದ. ಚರ್ಮ ಕೆಂಪಗಾಗಿತ್ತು. ಅಂಗಾಲಿನಲ್ಲಿ ಹಳೆಯ ಹುಣ್ಣುಗಳಿದ್ದವು.

"ಇವು ಯಾವಾಗ ಆದವ್ರಿ?"

"ಚಪ್ಪಲಿ ಕಡದಿರಬೇಕು."

"ನೋಯಂಗಿಲ್ಲೇನ್ರಿ?"

ಫಕೀರೇಶಪ್ಪ ಬೆರಳಿನಿಂದ ಹುಣ್ಣನ್ನು ಒತ್ತಿ ನೋಡಿದರು. ಇನ್ನೊಮ್ಮೆ ಒತ್ತಿದರು. ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡುತ್ತ ಕೂತರು. "ಸಕ್ಕರಿ ಬ್ಯಾನಿ ಐತಪಾ" ಎಂದರು ಮೆಲ್ಲಗೆ. "ಗುಳಿಗಿ ತಗೋತೀನಿ, ನೆನಪಾದಾಗ."

ಗದ್ದಲ ಕೇಳಿ ಚನ್ನಬಸವ್ವ ಮೆಟ್ಟಿಲೇರಿ ಬಂದರು. ಕಾಲನ್ನು ನೋಡಿ ಸೆರಗು ಬಾಯಿಗೊತ್ತಿಕೊಂಡರು. "ಕೆಳಗ ನಾ ಇದ್ನೆಲ್ರಿ ಅಣ್ಣಾರ. ಒಂದ್ ಮಾತ ಹೇಳಬಾರದೇನ್ರಿ?"

"ಹೇಳಾಕ ನನಗರ ಗೊತ್ತಿರಬೇಕಲ್ಲ ತಂಗೆವ್ವಾ" ಎಂದರು ಅವರು. ಆಗ ಆ ದೊಡ್ಡ ಧ್ವನಿ ನಡುಗಿತು.

ಆಟೋದಲ್ಲಿ ಅವರನ್ನು ದವಾಖಾನೆಗೆ ಕರೆದೊಯ್ದರು. ನಾನು ಅರೆಬಿಸಿ ನೀರು ಹೊತ್ತು ನೇತಾಡುತ್ತಿದ್ದೆ. ಅದು ನಿಧಾನವಾಗಿ ತಣ್ಣಗಾಯಿತು. ಎಷ್ಟೋ ದಿನ ಬಚ್ಚಲಿನ ಬಾಗಿಲು ತೆರೆಯಲೇ ಇಲ್ಲ.

ಫಕೀರೇಶಪ್ಪ ಮರಳಿ ಬಂದಾಗ ಎಡಗಾಲಿನಲ್ಲಿ ಎರಡು ಬೆರಳು ಇರಲಿಲ್ಲ. ಚನ್ನಬಸವ್ವ ಯಾರೂ ಒತ್ತದಂತೆ ನನ್ನ ಸ್ವಿಚ್ಚಿನ ಮೇಲೆ ಪಟ್ಟಿ ಅಂಟಿಸಿದರು. ತಾವೇ ಕೆಳಗೆ ಒಲೆಯ ಮೇಲೆ ನೀರು ಕಾಯಿಸಿ, ಮೊಣಕೈ ಅದ್ದಿ ನೋಡಿ, ಬಕೆಟ್ಟನ್ನು ಬಾಗಿಲಲ್ಲಿ ತಂದಿಡತೊಡಗಿದರು. ಫಕೀರೇಶಪ್ಪನವರ ಸ್ನಾನ ಮುಗಿಯುವವರೆಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು, ಕಾಲು ಜಾರಿದರೆ ಎಂಬ ಹೆದರಿಕೆಯಿಂದ.

ಒಂದು ದಿನ ಒಳಗಿನಿಂದ ಹಳೆಯ ಕೂಗು ಎದ್ದಿತು: "ಪ್ರಯಾಣಿಕರ ಗಮನಕ್ಕೆ!"

"ಕುರ್ತಕೋಟಿ ಬಸ್ ಯಾವಾಗ ಬಿಡತೈತ್ರಿ?" ಎಂದು ಮೆಟ್ಟಿಲಿನಿಂದ ಉತ್ತರ ಬಂತು.

ಫಕೀರೇಶಪ್ಪ ಗೋಡೆಗೆ ಕೈ ಆನಿಸಿಕೊಂಡು ನಕ್ಕರು. ಅವರು ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದೆ. ಅವರು ನನ್ನ ಕಡೆ ತಲೆ ಎತ್ತಿ ನೋಡಲಿಲ್ಲ. ನೋಡುವ ಕಾರಣವೂ ಇರಲಿಲ್ಲ.

ಮಳೆಗಾಲದ ಹೊತ್ತಿಗೆ ನನ್ನ ಬೆನ್ನಿಗೆ ತುಕ್ಕು ಹಿಡಿಯಿತು. ದಾವಲಸಾಬ ನನ್ನನ್ನು ಇಳಿಸಿ ತನ್ನ ಅಂಗಡಿಗೆ ಒಯ್ದು ಹೊಟ್ಟೆ ಬಿಚ್ಚಿದ. ಹಕ್ಕಳೆ ಹಕ್ಕಳೆಯಾಗಿ ಉಪ್ಪು ಉದುರಿತು. ಥರ್ಮೋಸ್ಟಾಟ್ ಕೂರುವ ಕೊಳವೆಯ ಸುತ್ತ ಅದು ಕಲ್ಲಿನಂತೆ ಗಟ್ಟಿಯಾಗಿತ್ತು. "ಇಷ್ಟ ದಪ್ಪ ಹೊದಕೊಂಡ್ರ ಕಡ್ಡಿಗೆ ಬಿಸಿ ಹೆಂಗ್ ತಿಳೀಬೇಕು?" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಕೆಲಸಕ್ಕೆ ಬರುವ ಸಾಮಾನು ಬಿಚ್ಚಿಕೊಂಡು ಉಳಿದ ನನ್ನನ್ನು ಹಿತ್ತಲಿಗೆ ಹಾಕಿದ.

ಒಮ್ಮೆ ಚನ್ನಬಸವ್ವ ಅಂಗಡಿಗೆ ಬಂದು ಹೇಳುತ್ತಿದ್ದರು, "ಆವತ್ತ ನೀ ನೋಡಿರಲಿಲ್ಲಂದ್ರ ಇಡೀ ಕಾಲ ಹೋಗತಿತ್ತಂತ, ಡಾಕ್ಟರ್ ಅಂದ್ರು." ನನ್ನ ನೀರು ಅವರ ಕಾಲನ್ನು ಸುಟ್ಟಿತೋ ಉಳಿಸಿತೋ, ಹಿತ್ತಲಲ್ಲಿ ಬಿದ್ದುಕೊಂಡು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಎರಡೂ ನಿಜವಿರಬೇಕು. ಅವರ ಒಂಟಿತನ ಮುಗಿಯಿತು, ಅಷ್ಟು ಗೊತ್ತು.

ಇಲ್ಲಿ ನನಗೆ ನೀರಿಲ್ಲ, ಕರೆಂಟಿಲ್ಲ. ಮಧ್ಯಾಹ್ನದ ಬಿಸಿಲಿಗೆ ಮಾತ್ರ ಈಗಲೂ ಕಾಯುತ್ತೇನೆ. ಸಂಜೆಗೆ ಆರುತ್ತೇನೆ. ಆ ಬಿಸಿ ಯಾರಿಗೂ ಬೇಕಾಗಿಲ್ಲ.