ಸಮದ್ ಅವರ ನಿಜವಾದ ವಯಸ್ಸು

ನಮ್ಮ ಕಡೆ ಹಿಂದೆ ಗಲ್ಫಿಗೆ ಹೋದ ಕೆಲವು ಹಿರಿಯರಿಗೆ ಎರಡು ವಯಸ್ಸು. ಹುಟ್ಟಿದ ಲೆಕ್ಕದ್ದು ಒಂದು, ಕೆಲಸ ಸಿಗಲೆಂದು ಕಡಿಮೆ ಮಾಡಿ ಪಾಸ್‌ಪೋರ್ಟಿನಲ್ಲಿ ಬರೆಸಿದ್ದು ಇನ್ನೊಂದು. ಹೊಸಂಗಡಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಸಮದ್ ಅವರಿಗೂ ಹಾಗೆಯೇ. ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ, ಅವರು ಐಸಿಯು ಸೇರುವವರೆಗೆ.

ಮೊದಲು ಎಡಗಾಲು ಮಾತ್ರ ಊದಿತು. ಹೆಂಡತಿ ಮರಿಯುಮ್ಮ ಎರಡು ದಿನ ಎಣ್ಣೆ ತಿಕ್ಕಿದರು. ಮೂರನೆಯ ದಿನ ಸಮದ್ ಉಸಿರು ಸಿಗದೆ ಅಂಗಡಿಯಲ್ಲೇ ಕುಸಿದರು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಅಡ್ಡ ಕೂತಿದೆ ಎಂದು ಆಸ್ಪತ್ರೆಯ ಡಾಕ್ಟರು ಹೇಳಿ ಐಸಿಯುಗೆ ಸೇರಿಸಿದರು.

ಮರುದಿನ ಐಸಿಯು ನರ್ಸ್ ಮೋಕ್ಷಿತಾ ಹೊರಗೆ ಬಂದಳು. ಪೈವಳಿಕೆಯ ಹುಡುಗಿ, ಮರಿಯುಮ್ಮನ ತವರಿನ ನೆರೆಮನೆಯವಳು.

"ಸ್ಕೋರ್ ಕಡಿಮೆ ಉಂಟು ಮರಿಯುಮ್ಮ. ಸಂಜೆ ವಾರ್ಡಿಗೆ ಕಳಿಸುವ ಅಂತ ಡಾಕ್ಟರು ಹೇಳಿದ್ದಾರೆ."

ಮಗ ಜಂಶೀರನ ಮುಖ ಬಾಡಿತು. "ಕಡಿಮೆಯಾ? ಉಪ್ಪ ಫೇಲಾ?" ಎಂದು ಅಪ್ಪನ ಬಗ್ಗೆ ಕೇಳಿದ.

"ಇದು ಎಸ್ಸೆಸ್ಸೆಲ್ಸಿ ಅಲ್ಲ ಮಾರಾಯ. ಕಡಿಮೆ ಇದ್ದರೆ ಅಪಾಯ ಕಡಿಮೆ. ವಯಸ್ಸು, ಹಳೇ ಕಾಯಿಲೆ, ನಾಡಿ, ಬಿಪಿ, ಆಕ್ಸಿಜನ್ ಎಲ್ಲ ಕೂಡಿಸಿ ನೋಡುದು. ಯಾರನ್ನು ಹತ್ತಿರ ಇಟ್ಟು ಕಾಯಬೇಕು ಅಂತ ಅಂದಾಜು ಸಿಗ್ತದೆ. ಇವರಿಗೆ ಐವತ್ತೆಂಟು, ಬೇರೆ ಕಾಯಿಲೆ ಇಲ್ಲ, ಅಲ್ವಾ?"

ಮರಿಯುಮ್ಮ ಮಗನ ಕಡೆ ನೋಡಿದರು. ಜಂಶೀರ ಕಣ್ಣಲ್ಲೇ ಬೇಡ ಎಂದ.

"ಎಂತ ಉಂಟು, ಹೇಳಿ," ಎಂದಳು ಮೋಕ್ಷಿತಾ.

"ಪಾಸ್‌ಪೋರ್ಟಿನಲ್ಲಿ ಇದ್ದದ್ದನ್ನೇ ನಾವು ಬರೆಸಿದ್ದು," ಎಂದ ಜಂಶೀರ. "ಬೇರೆ ಹೇಳಿ ನಾಳೆ ತಕರಾರು ಆದರೆ?"

"ಇದು ಏರ್‌ಪೋರ್ಟಿನ ಎಮಿಗ್ರೇಶನ್ ಅಲ್ಲ ಜಂಶೀರ್. ತಪ್ಪು ಲೆಕ್ಕ ನಂಬಿ ಅವರನ್ನು ವಾರ್ಡಿಗೆ ಕಳಿಸಿ, ಅಲ್ಲಿ ಬಿಪಿ ಇಳಿದರೆ ಗೊತ್ತಾಗುವಾಗ ತಡ ಆಗ್ತದೆ."

ಮರಿಯುಮ್ಮನಿಗೆ ತಡೆಯಲಾಗಲಿಲ್ಲ. "ಅರವತ್ತೊಂಬತ್ತು ಆಯ್ತು ಮಗಳೇ. ದುಬೈಯಲ್ಲಿ ಹಾರ್ಟ್ ವೀಕ್ ಅಂತ ಮದ್ದು ತಿಂತಿದ್ದರು. ವೀಸಾಕ್ಕೆ ತೊಂದರೆ ಆದೀತು ಅಂತ ಮುಚ್ಚಿಟ್ಟದ್ದು, ಹಾಗೇ ಉಳೀತು."

ಮೋಕ್ಷಿತಾ ಒಳಗೆ ಹೋಗಿ ಹೇಳಿದಳು. ಡಾಕ್ಟರು ಹೊಸದಾಗಿ ಲೆಕ್ಕ ಹಾಕಿದರು. ಸ್ಕೋರ್ ಏರಿತು, ವಾರ್ಡಿನ ಮಾತು ನಿಂತಿತು.

"ಹಾಗಾದರೆ ಉಪ್ಪ ಉಳಿಯುದಿಲ್ವಾ?" ಜಂಶೀರ ಮೋಕ್ಷಿತಾಳನ್ನು ಕೇಳಿದ.

"ಸ್ಕೋರ್ ಹಣೆಬರಹ ಅಲ್ಲ. ಇವರನ್ನು ಹೆಚ್ಚು ನೋಡಿಕೊಳ್ಳಿ ಅಂತ ನಮಗೆ ಹೇಳ್ತದೆ, ಅಷ್ಟೇ," ಎಂದಳು ಅವಳು.

ಆ ಸಂಜೆಯೇ ಸಮದ್ ಅವರ ಬಿಪಿ ಒಮ್ಮೆಲೇ ಇಳಿಯಿತು. ಡಾಕ್ಟರು ಪಕ್ಕದಲ್ಲೇ ಇದ್ದರು. ಹೆಪ್ಪು ಕರಗಿಸುವ ಮದ್ದು ತಕ್ಷಣ ಕೊಟ್ಟರು. ಹನ್ನೆರಡನೆಯ ದಿನ ಸಮದ್ ಮನೆಗೆ ಬಂದರು. ವಾರ್ಡಿನಲ್ಲಿ ಇದ್ದಿದ್ದರೆ ಎಂದು ನೆನೆದು ಜಂಶೀರ ಈಗಲೂ ಬೆವರುತ್ತಾನೆ.

ಓದುಗರೇ, ಒಂದೇ ಕಾಲು ಊದಿ ನೋಯುತ್ತಿದ್ದರೆ ತಿಕ್ಕಬೇಡಿ, ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಕಾಯದೆ ಆಸ್ಪತ್ರೆಗೆ ಹೋಗಿ. ಅಲ್ಲಿ ಕೇಳಿದಾಗ ನಿಜವಾದ ವಯಸ್ಸು, ಹಳೆಯ ಕಾಯಿಲೆ, ನುಂಗುವ ಮಾತ್ರೆ ಎಲ್ಲವನ್ನೂ ಹೇಳಿಬಿಡಿ. ಮಲಗಿರುವವರು ನಿಮ್ಮವರು. ಡಾಕ್ಟರಿಗೆ ಇನ್ಯಾರದೋ ವಿವರ ಕೊಡಬೇಡಿ.