ನೆಗಡಿಯಿಲ್ಲದ ಕಂಪ್ಯೂಟರ್

ಜೆರಾಕ್ಸ್ ಅಕ್ಕ ಎಂದರೆ ಬೀದಿಗೆಲ್ಲ ಗೊತ್ತು. ಲೈಬ್ರರಿ ಪಕ್ಕದ ಪ್ರಿಂಟಿಂಗ್ ಅಂಗಡಿ ಅವಳದು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅಂಗಡಿಯ ಹಳೇ ಕಂಪ್ಯೂಟರ್ ಮಾತ್ರ ಅವಳು ಗುಂಡಿ ಒತ್ತಿ, ಕಸ ಗುಡಿಸಿ, ಕಾಫಿ ಕುಡಿದು ಬಂದರೂ ಕಣ್ಣು ಬಿಡುತ್ತಿರಲಿಲ್ಲ. ಕಡೆಗೆ ಸೊಸೆ ಒಂದು ರಜಾದಿನ ಕೂತು ಅದರ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟಳು. ಯಂತ್ರ ಚಂಗನೆ ಎದ್ದಿತು.

"ಇದಕ್ಕೆ ವೈರಸ್ ಕಾಟ ತೀರಾ ಕಡಿಮೆ ಅತ್ತೆ" ಎಂದಳು ಸೊಸೆ. ಅಕ್ಕ ಆ ಮಾತನ್ನು ತನಗೆ ಬೇಕಾದಷ್ಟು ಹಿಗ್ಗಿಸಿಕೊಂಡು, ವೈರಸ್ ತನ್ನ ಅಂಗಡಿ ಕಡೆ ತಲೆ ಹಾಕಿಯೂ ಮಲಗುವುದಿಲ್ಲವೆಂದು ಬಂದವರಿಗೆಲ್ಲ ಹೇಳತೊಡಗಿದಳು.

"ಫೈರ್‌ವಾಲ್ ಆನ್ ಮಾಡಿರ್ತೀನಿ. ಬಾಗಿಲಿಗೆ ಚಿಲಕ ಇದ್ದ ಹಾಗೆ. ನಾವು ಹೊರಗೆ ಹೋಗಬಹುದು, ಕರೀದೆ ಯಾರೂ ಒಳಗೆ ಬರೋ ಹಾಗಿಲ್ಲ" ಎಂದಳು ಸೊಸೆ.

"ಚಿಲಕ ಹಾಕ್ಕೋ, ಬೇಡ ಅಂದೋರ್ಯಾರು?"

"ಆಂಟಿವೈರಸ್ಸೂ ಒಂದು ಹಾಕಲಾ?"

"ಗುಂಡುಕಲ್ಲಿನ ಹಾಗಿರೋದಕ್ಕೆ ಮಾತ್ರೆ ಯಾಕೆ ನುಂಗಿಸ್ತೀಯೇ?" ಎಂದು ಅಕ್ಕ ಮಾತು ಮುಗಿಸಿದಳು. ಯಾರ ಪೆನ್‌ಡ್ರೈವ್ ಬಂದರೂ ಕಣ್ಣುಮುಚ್ಚಿ ಸಿಕ್ಕಿಸಿದಳು.

ಎರಡು ತಿಂಗಳ ಮೇಲೆ ಲೈಬ್ರರಿ ಸಾಹೇಬರು ಮುಖ ಸಣ್ಣದು ಮಾಡಿಕೊಂಡು ಬಂದರು. ಅಕ್ಕ ತನ್ನ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟಿದ್ದ ಪೋಸ್ಟರನ್ನು ತೆರೆದಾಗಿನಿಂದ ಅವರ ಮೂರೂ ಕಂಪ್ಯೂಟರ್ ಹುಚ್ಚು ಹಿಡಿದಂತೆ ಆಡುತ್ತಿದ್ದವು. ಓದುಗರು ಬೈಯುತ್ತಿದ್ದರು.

"ನಮ್ಮಿಂದಾನಾ? ಸಾಧ್ಯವೇ ಇಲ್ಲ. ನಂಬಿಕೆ ಇಲ್ಲ ಅಂದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ!"

ಸಾಹೇಬರು ಬಂದ ದಾರಿ ಹಿಡಿದರು. ಅವರು ಮರೆಯಾದ ಮೇಲೆ ಅಕ್ಕ ಲೆಕ್ಕ ಹಾಕಿದಳು. ಅಂಗಡಿಯ ಅರ್ಧ ಕೆಲಸ ಲೈಬ್ರರಿಯದು. ಇಪ್ಪತ್ತು ವರ್ಷ ಗಳಿಸಿದ ಹೆಸರೂ ಅದರ ಜೊತೆಗೇ ಹೋಗುವಂತಿತ್ತು.

"ಈಗಲೇ ಪರೀಕ್ಷೆ ಮಾಡೇ. ಏನೂ ಇಲ್ಲ ಅಂತ ಅವರ ಮುಖಕ್ಕೆ ಹಿಡೀತೀನಿ" ಎಂದು ಸೊಸೆಯನ್ನು ಕೂರಿಸಿದಳು.

ಸೊಸೆ ಆಂಟಿವೈರಸ್ ಹಾಕಿ ಅಕ್ಕನ ಪೆನ್‌ಡ್ರೈವ್ ಜಾಲಾಡಿದಳು. ಹನ್ನೊಂದು ವೈರಸ್ ಸಿಕ್ಕವು.

"ಮತ್ತೆ ಇದಕ್ಕೆ ಬರಲ್ಲ ಅಂದೆಯಲ್ಲೇ!"

"ನಮಗೇನೂ ಆಗಿಲ್ಲ ಅತ್ತೆ. ಇವು ವಿಂಡೋಸ್ ವೈರಸ್‌ಗಳು, ನಮ್ಮಲ್ಲಿ ತೆಪ್ಪಗೆ ಬಿದ್ದಿರ್ತವೆ. ಯಾರದೋ ಫೋಲ್ಡರ್ ಹಾಗೇ ಕಾಪಿ ಮಾಡಿದೀರಿ, ಅವರಿಗೆ ದಾಟಿಸಿದೀರಿ. ನೆಗಡಿ ನಮಗಿಲ್ಲ, ಹಂಚಿದ್ದು ಮಾತ್ರ ನಾವೇ."

ಅಕ್ಕ ದನಿ ತಗ್ಗಿಸಿದಳು. "ಅಳಿಸಿಬಿಟ್ರೆ ಯಾರಿಗಾದ್ರೂ ಗೊತ್ತಾಗುತ್ತಾ?"

"ಇಲ್ಲ."

ಜಗಳಗಂಟಿ ಎಂದು ಯಾರಾದರೂ ಅಂದರೆ ಅಕ್ಕ ಒಪ್ಪುತ್ತಾಳೆ, ಸುಳ್ಳುಗಾತಿ ಎಂದರೆ ಇಲ್ಲ. ಐದು ನಿಮಿಷ ಚಡಪಡಿಸಿದಳು. ಆಮೇಲೆ ಷಟರ್ ಎಳೆದು, ಸೊಸೆಯ ಕೈಹಿಡಿದು ಲೈಬ್ರರಿಗೆ ನಡೆದಳು.

"ತಪ್ಪು ನಮ್ಮದೇ ಸಾರ್" ಎಂದಳು, ಓದುಗರೆಲ್ಲ ತಲೆ ಎತ್ತಿ ನೋಡುವಷ್ಟು ಜೋರಾಗಿ. ಸಣ್ಣಗೆ ಮಾತಾಡಿ ಅವಳಿಗೆ ಅಭ್ಯಾಸವಿಲ್ಲ. ಸಾಹೇಬರು ಎದ್ದು ಸೊಸೆಗೆ ಕುರ್ಚಿ ಬಿಟ್ಟುಕೊಟ್ಟರು. ಸೊಸೆ ಮಧ್ಯಾಹ್ನವಿಡೀ ಮೂರೂ ಕಂಪ್ಯೂಟರಿನ ವೈರಸ್ ತೊಳೆದಳು. ಅಕ್ಕ ಪಕ್ಕದಲ್ಲೇ ನಿಂತು, ತನ್ನ ಪೆನ್‌ಡ್ರೈವ್ ಒಯ್ದಿದ್ದವರಿಗೆಲ್ಲ ಫೋನು ಮಾಡಿ ಎಚ್ಚರಿಸಿದಳು.

ಎಲ್ಲ ಸರಿಹೋದ ಮೇಲೆ ಸಾಹೇಬರು ಡ್ರಾಯರಿನಿಂದ ತಮ್ಮ ಪೆನ್‌ಡ್ರೈವ್ ತೆಗೆದು ಮುಂದಿಟ್ಟರು. "ನಾಳೆಯ ನೋಟಿಸ್ ಇದರಲ್ಲಿದೆ."

ಅಕ್ಕನಿಗೆ ಅರ್ಧ ಜೀವ ಬಂತು. ಆದರೂ ಕೈ ಚಾಚಲಿಲ್ಲ. "ಮೊದಲು ಜಾಲಾಡು" ಎಂದಳು ಸೊಸೆಗೆ.

ಎರಡು ಸಿಕ್ಕವು. ಬೇರೆಯೇ ಜಾತಿಯವು, ಅಕ್ಕನ ಅಂಗಡಿಯಲ್ಲಿ ಕಾಣದವು. ಬೇರೆ ದಿನವಾಗಿದ್ದರೆ ಅಕ್ಕ ಬೀದಿಗೆಲ್ಲ ಡಂಗುರ ಹೊಡೆಯುತ್ತಿದ್ದಳು. ಈಗ ಸಾಹೇಬರ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದಳು. "ಎರಡಿವೆ ಸಾರ್. ಅಳಿಸ್ತೀವಿ. ಯಾರಿಗೂ ಹೇಳಲ್ಲ."

ಸಾಹೇಬರು ಕೆಂಪಗಾದರು. ಆಮೇಲೆ ಲೈಬ್ರರಿಯೆಂಬುದನ್ನೂ ಮರೆತು ಗಹಗಹಿಸಿ ನಕ್ಕರು.

"ಎಷ್ಟು ಪ್ರತಿ ಬೇಕು?" ಎಂದಳು ಅಕ್ಕ, ಗಂಟಲು ಸರಿಮಾಡಿಕೊಂಡು.

"ಎಂದಿನಷ್ಟೇ" ಎಂದರು ಸಾಹೇಬರು.